ಗಾಜಿನ ಕೋಣೆಯ ಮಷೀನು

ಭಾಂಡುಪ್‌ನ ಆ ಕಾರ್ಖಾನೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ನನ್ನ ಗಂಡ ಕೆಳಗೆ ಮಷೀನ್ ಶಾಪಿನಲ್ಲಿ ಟರ್ನರ್. ನಾನು ಮೇಲಿನ ಮಹಡಿಯ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್. ಇಂಜಿನಿಯರುಗಳು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಒಂದೊಂದು ಗೆರೆಯನ್ನೂ ಇಂಕಿನಲ್ಲಿ ತಿದ್ದಿ ತೆಗೆಯುವುದು ನಮ್ಮ ಕೆಲಸ. ತಪ್ಪಿದರೆ ಬ್ಲೇಡಿನಿಂದ ಹಗುರಾಗಿ ಕೆರೆದು ಮತ್ತೆ ಎಳೆಯಬೇಕು. ಪಕ್ಕದ ಕೋಣೆಯಲ್ಲಿ ಆ ಹಾಳೆಗಳಿಂದ ಪ್ರಿಂಟ್ ತೆಗೆಯುತ್ತಿದ್ದರು. ಅಲ್ಲಿಂದ ಬರುವ ಅಮೋನಿಯಾ ವಾಸನೆ ನಮ್ಮ ಸೀರೆ, ಕೂದಲು, ಡಬ್ಬಿಯ ಚಪಾತಿಗೂ ಹತ್ತುತ್ತಿತ್ತು. ನಾನು ಎಳೆದ ಗೆರೆ ಪ್ರಿಂಟಾಗಿ ಕೆಳಗಿಳಿದು ಅವರ ಲೇಥಿನ ಪಕ್ಕ ಕ್ಲಿಪ್ಪಿನಲ್ಲಿ ನೇತಾಡುತ್ತಿತ್ತು. ಅದನ್ನು ನೋಡಿಕೊಂಡು ಅವರು ಪಂಪಿನ ಶಾಫ್ಟ್ ಕಡೆಯುತ್ತಿದ್ದರು.

ಅವರು ಹುಬ್ಬಳ್ಳಿ ಕಡೆಯವರು. ನಮ್ಮದು ಮೈಸೂರಿನ ಮನೆತನ. ನನ್ನ ಅಪ್ಪ ಫೋರ್ಟ್‌ನ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದರು, ದಿನವೂ ಇಸ್ತ್ರಿ ಅಂಗಿ ಹಾಕುತ್ತಿದ್ದರು. ಕ್ಯಾಂಟೀನಿನಲ್ಲಿ ಸಾಂಬಾರು ತಣ್ಣಗಿದೆ ಎಂದು ಕನ್ನಡದಲ್ಲಿ ಗೊಣಗಿಕೊಂಡ ಒಬ್ಬ ಟರ್ನರ್‌ನನ್ನು ಮಗಳು ಮದುವೆಯಾಗುತ್ತಾಳೆ ಎಂದಾಗ ಅಪ್ಪ ತುಂಬ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಉಗುರಿನ ಸಂದಿಯಲ್ಲಿ ಗ್ರೀಸ್ ಇರುವವನು ಎಂಬುದೇ ಅವರ ತಕರಾರು. ಮದುವೆಯಾಯಿತು. ಭಾಂಡುಪ್‌ನ ಗುಡ್ಡದ ಬದಿಯ ಸಾಲುಮನೆಗಳ ಚಾಲ್‌ನಲ್ಲಿ ಒಂದೇ ಕೋಣೆಯ ಖೋಲಿ ಹಿಡಿದೆವು. ಮಗಳು ಹುಟ್ಟಿದಳು. ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದೆವು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಟು ಗೇಟಿನಲ್ಲಿ ಬೇರೆಯಾಗುತ್ತಿದ್ದೆವು, ಸಂಜೆ ಅದೇ ಗೇಟಿನಲ್ಲಿ ಸೇರುತ್ತಿದ್ದೆವು. ಆ ಬದುಕಿಗೆ ಏನಾದರೂ ಆಗಬಹುದು ಎಂದು ನಮಗೆ ಹೊಳೆದೇ ಇರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಮಳೆಗಾಲ ಕಳೆದ ಮೇಲೆ ಮಷೀನ್ ಶಾಪಿನ ಹಿಂದಿನ ಗೋಡೆ ಒಡೆದರು. ಕ್ರೇನಿನಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆ ಒಳಗೆ ಬಂತು. ಅದರೊಳಗಿದ್ದದ್ದು ಹೊರದೇಶದಿಂದ ತರಿಸಿದ ಕಂಪ್ಯೂಟರ್ ಲೇಥ್. ಅದಕ್ಕೆ ಸುತ್ತಲೂ ಗಾಜಿನ ಕೋಣೆ ಕಟ್ಟಿಸಿದರು, ಎಸಿ ಹಾಕಿಸಿದರು. ಒಳಗೆ ಹೋಗುವವರು ಬೂಟು ಬಿಚ್ಚಿಡಬೇಕು. ಪೂಜೆಯ ದಿನ ನೀರು ಸಿಡಿದೀತೆಂದು ತೆಂಗಿನಕಾಯಿಯನ್ನು ಕೋಣೆಯ ಹೊರಗೇ ಒಡೆದರು. ಇಷ್ಟು ವರ್ಷ ಸೆಖೆಯಲ್ಲಿ ಬೆವರುತ್ತಾ ದುಡಿದವರೆಲ್ಲ ಗಾಜಿಗೆ ಮೂಗು ತಾಗಿಸಿ ನಿಂತು ನೋಡಿದರು. ಅದೇ ವಾರ ನಮ್ಮ ಡ್ರಾಯಿಂಗ್ ಆಫೀಸಿಗೆ ಎರಡು ಕಂಪ್ಯೂಟರ್ ಬಂದವು.

ಮ್ಯಾನೇಜರ್ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಹಿಂದಿಯಲ್ಲಿ ಮಾತಾಡಿದರು. ಕಾಲ ಬದಲಾಗುತ್ತಿದೆ, ನಾವೂ ಬದಲಾಗದಿದ್ದರೆ ಕಾರ್ಖಾನೆ ಉಳಿಯುವುದಿಲ್ಲ, ಯಾರ ಕೆಲಸಕ್ಕೂ ಧಕ್ಕೆಯಿಲ್ಲ ಎಂದರು. ಯೂನಿಯನ್ ಮುಖಂಡರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ನಾವೂ ತಟ್ಟಿದೆವು.

ನಾನು ಮೆಟ್ರಿಕ್‌ವರೆಗೆ ಇಂಗ್ಲಿಷ್ ಓದಿದ್ದೆ, ಟ್ರೇಸರ್‌ಗಳಲ್ಲಿ ವಯಸ್ಸಿನಲ್ಲೂ ಚಿಕ್ಕವಳು. ಹಾಗಾಗಿ ಕಂಪ್ಯೂಟರ್ ಕಲಿಯಲು ನನ್ನನ್ನು ಆರಿಸಿದರು. ಉಳಿದ ಹೆಂಗಸರಲ್ಲಿ ಒಬ್ಬಳನ್ನು ಪ್ಯಾಕಿಂಗಿಗೆ, ಇನ್ನೊಬ್ಬಳನ್ನು ಟೆಲಿಫೋನ್ ಬೋರ್ಡಿಗೆ ಹಾಕಿದರು. ಮಿಕ್ಕವರು ಮನೆಗೆ ಹೋದರು. ನನ್ನ ಪಕ್ಕದ ಟೇಬಲ್ಲಿನಲ್ಲಿ ಕೂರುತ್ತಿದ್ದ ದಾದರ್‌ನ ಮರಾಠಿ ಹೆಂಗಸು ಹೋಗುವಾಗ ತನ್ನ ಇಂಕಿನ ಪೆನ್ನುಗಳ ಡಬ್ಬಿಯನ್ನು ನನ್ನ ಕೈಗಿಟ್ಟಳು. "ತುಲಾ ಲಾಗೇಲ್," ಅಂದಳು, ನಿನಗೆ ಬೇಕಾದೀತು ಎಂದು. ನಾವು ಯಾರೂ ಇನ್ನು ಇಂಕು ಮುಟ್ಟುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕೆಳಗೆ ಹೊಸ ಲೇಥ್ ನಡೆಸುವವರನ್ನು ಆರಿಸಲು ಪರೀಕ್ಷೆ ಇಟ್ಟರು. ಪರೀಕ್ಷೆ ಇಂಗ್ಲಿಷಿನಲ್ಲಿ. ನನ್ನ ಗಂಡ ಓದಿದ್ದು ಕನ್ನಡ ಶಾಲೆ, ಆಮೇಲೆ ಹುಬ್ಬಳ್ಳಿಯಲ್ಲಿ ಐಟಿಐ. ಆಗಲೇ ನಲವತ್ತು ದಾಟಿದ್ದರು. ಆ ದಿನ ಮನೆಗೆ ಬಂದವರು ಕಾಲು ತೊಳೆಯದೆ ಹಾಸಿಗೆಯ ತುದಿಗೆ ಕೂತರು.

"ಆ ಮಷೀನಿಗೆ ಹ್ಯಾಂಡಲ್ಲ ಇಲ್ಲ," ಅಂದರು. "ಬರೀ ಗುಂಡಿ ಅದಾವು. ಒಂದು ಟೀವಿ ಐತಿ."

"ಕಲಿತರೆ ಬರುತ್ತೆ ಕಣ್ರೀ. ನಾನು ಕಲೀತಿಲ್ವಾ?"

"ನಿನಗ ಓದಾಕ ಬರತೈತಿ. ನನಗ?" ಅಂದರು. "ಪಾಸಾಗಲಿಲ್ಲಂದ್ರ ಕೆಲಸಿಲ್ಲ. ಹಳೇ ಲೇಥೆಲ್ಲಾ ತಗದ ಹಾಕ್ತಾರಂತ. ಭಾವೂ ಹೇಳಿದ." ಭಾವೂ ಎಂದರೆ ಅದೇ ಯೂನಿಯನ್ ಮುಖಂಡ. ಎಲ್ಲರೂ ಹಾಗೇ ಕರೆಯುತ್ತಿದ್ದರು.

ಮರುದಿನದಿಂದ ನಮ್ಮ ಖೋಲಿಯೇ ಶಾಲೆಯಾಯಿತು. ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಬಿಚ್ಚಿ, ಆಫೀಸಿನಲ್ಲಿದ್ದ ಮಷೀನಿನ ಪುಸ್ತಕ ನೋಡಿ, ಅದರ ಮೇಲೆ ಮಷೀನಿನ ಗುಂಡಿಗಳನ್ನೆಲ್ಲ ಬರೆದೆ. ಲೋಹ ಕೊರೆಯುವ ಟೂಲು ಯಾವ ಕಡೆ ಹೋಗಬೇಕು, ಯಾವ ವೇಗದಲ್ಲಿ, ಎಲ್ಲಿ ನಿಲ್ಲಬೇಕು, ಎಲ್ಲವನ್ನೂ ಅಕ್ಷರ ಮತ್ತು ಅಂಕಿಯಲ್ಲೇ ಹೇಳಬೇಕು. ಅವರು ಅದನ್ನು ಕನ್ನಡದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದರು. ಬೆಳಿಗ್ಗೆ ಗಡ್ಡ ಹೆರೆಯುವಾಗ ಸೋಪಿನ ಬಾಯಲ್ಲೇ "ಜಿ ಸೊನ್ನೆ ಸೊನ್ನೆ, ಜಿ ಸೊನ್ನೆ ಒಂದು" ಎಂದು ಹೇಳಿಕೊಳ್ಳುತ್ತಿದ್ದರು. ಸಾರ್ವಜನಿಕ ನಲ್ಲಿಯ ಸಾಲಿನಲ್ಲಿ ನಿಂತಾಗಲೂ ಅವರ ತುಟಿ ಅಲ್ಲಾಡುತ್ತಿತ್ತು. ನೆರೆಯವರು ಇವರು ಏನೋ ಜಪ ಹಿಡಿದಿದ್ದಾರೆ ಎಂದುಕೊಂಡರು.

ಅರ್ಥವಾಗದ ಪದ ಬಂದರೆ ಮಗಳನ್ನು ಕೇಳುತ್ತಿದ್ದರು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲೇ ಬರುತ್ತಿತ್ತು. ಒಂದು ಸಂಜೆ "ಡ್ವೆಲ್" ಎಂದರೇನು ಎಂದು ಕೇಳಿದರು. ಅವಳು ಶಾಲೆಯ ಡಿಕ್ಷನರಿ ನೋಡಿ, "ಪಪ್ಪಾ, ಡ್ವೆಲ್ ಮತ್ಲಬ್ ರಹನಾ. ವಾಸ ಕರನಾ," ಎಂದಳು.

"ವಾಸಾ? ಮಷೀನಿನಾಗ ಯಾರು ವಾಸಾ ಮಾಡ್ತಾರ?" ಎಂದು ಅವರು ಕಣ್ಣರಳಿಸಿದರು. ಟೂಲು ಒಂದು ಕ್ಷಣ ನಿಂತಲ್ಲೇ ನಿಲ್ಲುವುದಕ್ಕೆ ಹಾಗೆನ್ನುತ್ತಾರೆ ಎಂದು ನಾನು ಹೇಳಿದೆ. ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಆ ವರ್ಷ ನಾವು ಹಾಗೆ ನಕ್ಕದ್ದು ಅದೊಂದೇ ಸಲ ಇರಬೇಕು.

ಪರೀಕ್ಷೆಯಲ್ಲಿ ಅವರು ಹೇಗೋ ದಡ ಸೇರಿದರು. ಆರಿಸಿಕೊಂಡವರಲ್ಲಿ ಅವರದೇ ಕೊನೆಯ ಹೆಸರು. ದಾದರ್‌ವರೆಗೆ ಹೋಗಿ ಮೈಸೂರುಪಾಕು ತಂದು ಚಾಲ್‌ನವರಿಗೆಲ್ಲ ಹಂಚಿದರು. ನನ್ನ ಅಪ್ಪನಿಗೂ ಒಂದು ಪೊಟ್ಟಣ ಕೊಟ್ಟು ಬಂದರು. "ಮಾವನವರ, ಇನ್ನ ಮ್ಯಾಲೆ ನಾನೂ ಎಸಿಯಾಗ ಕೆಲಸಾ ಮಾಡಾಂವ," ಎಂದರಂತೆ. ಅಪ್ಪ ನಕ್ಕು ಅವರ ಕೈ ಕುಲುಕಿದರಂತೆ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಗಾಜಿನ ಕೋಣೆಯಲ್ಲಿ ಕಲಿಸುವವನು ಪವಾಯಿಯ ದೊಡ್ಡ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಬಂದ ಇಂಜಿನಿಯರ್. ಒಳ್ಳೆಯ ಮನುಷ್ಯ. ತಾಳ್ಮೆಯಿಂದಲೇ ಹೇಳಿಕೊಡುತ್ತಿದ್ದ. ಮೊದಮೊದಲು ನನ್ನ ಗಂಡನಿಗೆ ಕಬ್ಬಿಣದ ತುಂಡು ಹಾಕುವ, ತೆಗೆಯುವ ಕೆಲಸ. ಆಮೇಲೆ ಗುಂಡಿ ಒತ್ತಲು ಬಿಟ್ಟರು. ಆದರೂ ಮನೆಯಲ್ಲಿ ಅವರು ಸರಿಯಾಗಿ ಉಣ್ಣುತ್ತಿರಲಿಲ್ಲ. "ಲೇಥ್ ಮ್ಯಾಲೆ ಟೂಲ್ ಹತ್ತಿದ ಕೂಡಲೇ ಕೈಗೆ ಗೊತ್ತಾಗತಿತ್ತು," ಎನ್ನುತ್ತಿದ್ದರು. "ಇಲ್ಲೆ ಬಾಗಲಾ ಹಾಕಿ ನಿಂದರಬೇಕು. ಒಳಗ ಏನಾಗಾಕತ್ತೈತೋ, ಎದಿ ಡವಡವ ಅಂತೈತಿ."

ಒಂದು ಮಧ್ಯಾಹ್ನ ಊಟದ ಬಿಡುವು ಮುಗಿದು ನಾನು ನನ್ನ ಸ್ಕ್ರೀನಿನ ಮುಂದೆ ಕೂತಿದ್ದೆ. ಕೆಳಗಿನಿಂದ ಒಂದು ಸದ್ದು ಬಂತು. ಲೋಕಲ್ ರೈಲಿನ ಎರಡು ಬೋಗಿ ಒಂದಕ್ಕೊಂದು ಬಡಿದಂಥ ಸದ್ದು. ನನ್ನ ಕಾಲ ಕೆಳಗಿನ ನೆಲ ನಡುಗಿತು. ಆಮೇಲೆ ಶಾಪಿನಲ್ಲಿ ಒಂದೊಂದಾಗಿ ಎಲ್ಲ ಮಷೀನುಗಳೂ ನಿಂತವು. ನಾನು ಮೆಟ್ಟಿಲಿಳಿದು ಓಡಿದೆ.

ಗಾಜಿನ ಕೋಣೆಯ ಸುತ್ತ ಜನ. ನಡುವೆ ನನ್ನ ಗಂಡ ಬರಿಗಾಲಲ್ಲಿ ನಿಂತಿದ್ದರು. ಟೂಲುಗಳ ದೊಡ್ಡ ತಿರುಗಣಿ ಪೂರ್ತಿ ವೇಗದಲ್ಲಿ ಹೋಗಿ, ತುಂಡು ಹಿಡಿದು ಸುತ್ತುತ್ತಿದ್ದ ಚಕ್‌ಗೆ ಗುದ್ದಿತ್ತು. ಟೂಲು ಪುಡಿಯಾಗಿತ್ತು. ಮಷೀನಿನ ಬಾಗಿಲಿನ ಗಾಜು ಬಿರುಕು ಬಿಟ್ಟಿತ್ತು. ಅವರಿಗೆ ಒಂದು ತರಚು ಗಾಯವೂ ಆಗಿರಲಿಲ್ಲ.

ಆದದ್ದು ಇಷ್ಟೇ. ಆ ಮಷೀನಿಗೆ ಐವತ್ತು ಎಂದು ಒತ್ತಿದರೆ ಸಾಲದು, ಐವತ್ತರ ನಂತರ ಒಂದು ಚುಕ್ಕೆಯನ್ನೂ ಒತ್ತಬೇಕು. ಚುಕ್ಕೆ ಇದ್ದರೆ ಐವತ್ತು ಮಿಲಿಮೀಟರ್. ಇಲ್ಲದಿದ್ದರೆ ಅದು ಐವತ್ತನ್ನು ಸಾವಿರದಿಂದ ಭಾಗಿಸಿ ಓದಿಕೊಳ್ಳುತ್ತದೆ, ಕೂದಲೆಳೆಯಷ್ಟೂ ಇಲ್ಲ. ತುಂಡಿನಿಂದ ದೂರ ನಿಲ್ಲಬೇಕಾದ ಟೂಲು ನೇರ ಅದರ ಮೈಮೇಲೇ ಹೋಯಿತು. ಅವರು ಚುಕ್ಕೆ ಒತ್ತಿರಲಿಲ್ಲ.

ಮ್ಯಾನೇಜರ್ ಬಂದರು. ಅವರು ಬೈಯುತ್ತಾರೆ ಎಂದು ಎಲ್ಲರೂ ಕಾದರು. ಬೈಯಲಿಲ್ಲ. ಮಷೀನಿನ ಸುತ್ತ ಒಂದು ಸುತ್ತು ಬಂದು, ಮೆಲ್ಲಗೆ "ಆಪ್ ಘರ್ ಜಾಯಿಯೇ," ಎಂದರು. ನೀವು ಮನೆಗೆ ಹೋಗಿ. ಇಷ್ಟು ವರ್ಷಗಳಲ್ಲಿ ಅವರು ನನ್ನ ಗಂಡನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಮಷೀನನ್ನು ರಿಪೇರಿ ಮಾಡಲು ಹೊರದೇಶದಿಂದ ಜನ ಬರಬೇಕಾಯಿತು. ಅಷ್ಟರಲ್ಲಿ ನನ್ನ ಗಂಡನ ಹಳೆಯ ಲೇಥ್ ಇದ್ದ ಜಾಗ ಖಾಲಿಯಾಗಿತ್ತು. ಅದನ್ನು ಕುರ್ಲಾದ ಗುಜರಿಯವರು ಟ್ರಕ್ಕಿನಲ್ಲಿ ಒಯ್ದಿದ್ದರು. ನನ್ನ ಗಂಡನಿಗೆ ಶಾಪಿನಲ್ಲಿ ಬಿದ್ದ ಲೋಹದ ಚೂರು ಗುಡಿಸಿ ಡಬ್ಬದಲ್ಲಿ ತುಂಬುವ ಕೆಲಸ ಕೊಟ್ಟರು. ಗುಡಿಸಿದರು. ಕೆಲವು ವಾರದ ನಂತರ ಸ್ವಯಂ ನಿವೃತ್ತಿಯ ನೋಟೀಸು ಗೋಡೆಗೆ ಬಂತು. ಸ್ವಯಂ ಎಂಬುದು ಬರೀ ಮಾತಿಗೆ. ತೆಗೆದುಕೊಳ್ಳದವರನ್ನು ಬೇರೆ ಊರಿಗೆ ಹಾಕುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ನಾವಿಬ್ಬರೂ ಭಾವೂನ ಹತ್ತಿರ ಹೋದೆವು. ಅವರು ಕ್ಯಾಂಟೀನಿನಲ್ಲಿ ಒಬ್ಬರೇ ಕೂತಿದ್ದರು.

"ಭಾವೂ, ಮೀ ಕಾಯ್ ಕರೂ?" ಎಂದು ನನ್ನ ಗಂಡ ಕೇಳಿದರು. ನಾನೇನು ಮಾಡಲಿ?

ಅವರು ತಲೆಯೆತ್ತಲಿಲ್ಲ. "ಘೇವೂನ್ ಟಾಕ್," ಎಂದರು. ತಗೊಂಡುಬಿಡು. "ನಾನೂ ತಗೊಂಡೆ," ಎಂದು ಹಿಂದಿಯಲ್ಲಿ ಸೇರಿಸಿದರು.

ಸಹಿ ಮಾಡಿದ ಮೇಲೆ ನನ್ನ ಗಂಡ ಗೋಡೆಗೆ ಮುಖ ಮಾಡಿ ಮಲಗಿದರು. ಮೊದಲ ವಾರ ದಣಿದಿದ್ದಾರೆ ಎಂದುಕೊಂಡೆ. ಆಮೇಲೆ ಭಯವಾಯಿತು. ಕರೆದರೆ ಏಳುತ್ತಿದ್ದರು, ಬಡಿಸಿದರೆ ಎರಡು ತುತ್ತು ತಿನ್ನುತ್ತಿದ್ದರು, ಮತ್ತೆ ಗೋಡೆ. ಗಡ್ಡ ಬೆಳೆಯಿತು. ಮಗಳು ಶಾಲೆಯಿಂದ ಬಂದು ಅವರ ಬೆನ್ನನ್ನು ನೋಡುತ್ತಾ ಹೋಮ್‌ವರ್ಕ್ ಮಾಡುತ್ತಿದ್ದಳು. ನಾನು ಮಾತ್ರ ದಿನವೂ ಅದೇ ಗೇಟಿನೊಳಗೆ ಹೋಗಬೇಕಿತ್ತು. ನಾನು ಸ್ಕ್ರೀನಿನ ಮೇಲೆ ಬರೆದದ್ದು ಈಗ ತೂತು ಬಿದ್ದ ಕಾಗದದ ಪಟ್ಟಿಯಾಗಿ ಕೆಳಗಿನ ಅದೇ ಮಷೀನಿಗೆ ಹೋಗುತ್ತಿತ್ತು. ಕೆಲಸ ಬಿಡೋಣವೆಂದರೆ ಮನೆಯಲ್ಲಿ ಒಲೆ ಹೊತ್ತುವುದು ಹೇಗೆ? ಕ್ಯಾಂಟೀನಿನಲ್ಲಿ ಜನ ಕೇಳುತ್ತಿದ್ದರು, "ಮಿಸ್ಟರ್ ಹೇಗಿದ್ದಾರೆ?" ಚೆನ್ನಾಗಿದ್ದಾರೆ ಎನ್ನುತ್ತಿದ್ದೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅಳುತ್ತಿದ್ದೆ.

"ಏನಾದರೂ ಮಾತಾಡಿ," ಎಂದು ಒಂದು ಬೆಳಿಗ್ಗೆ ಬೇಡಿಕೊಂಡೆ. "ಬೈದಾದರೂ ಬೈಯಿರಿ."

"ನೀ ಹೋಗು. ಪಂಚಿಂಗ್ ತಡಾ ಆಗತೈತಿ," ಎಂದರು ಗೋಡೆಗೆ.

ಆ ದಿನ ಸಂಜೆ ಮನೆಗೆ ಬಂದಾಗ ಬಾಗಿಲು ತೆರೆದಿತ್ತು, ಹಾಸಿಗೆ ಖಾಲಿ. ಅವರ ಚಪ್ಪಲಿ ಹೊಸ್ತಿಲ ಪಕ್ಕದಲ್ಲೇ ಇದ್ದವು. ಎದುರು ಖೋಲಿಯ ಮರಾಠಿ ಅಜ್ಜಿ, ಮಧ್ಯಾಹ್ನವೇ ಹೊರಟು ಹೋದರು, ಕರೆದರೂ ತಿರುಗಿ ನೋಡಲಿಲ್ಲ ಎಂದಳು. ಮಗಳನ್ನು ಅವಳ ಹತ್ತಿರ ಬಿಟ್ಟು ಸ್ಟೇಷನ್ನಿಗೆ ಓಡಿದೆ. ಯಾಕೆ ಸ್ಟೇಷನ್ನಿಗೇ ಓಡಿದೆ ಎಂದರೆ, ಮುಂಬಯಿಯಲ್ಲಿ ಬದುಕಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಗುಂಪು ಗುಂಪಾಗಿ ಜನ ನಿಂತು ಮಾತಾಡಿಕೊಳ್ಳುತ್ತಿದ್ದರು. ಹಳಿ ದಾಟುವಾಗ ಯಾರೋ ಒಬ್ಬ ಲೋಕಲ್‌ಗೆ ಸಿಕ್ಕಿದ್ದ. ಗಡ್ಡ ಇತ್ತಾ ಎಂದು ಒಬ್ಬ ಹಮಾಲನನ್ನು ಕೇಳಿದೆ. ಇತ್ತು ಎಂದ. ಕಾಲಲ್ಲಿ ಚಪ್ಪಲಿ ಇತ್ತಾ ಎಂದು ಕೇಳಲು ಬಾಯಿ ಬರಲಿಲ್ಲ. ಆಸ್ಪತ್ರೆಗೆ ಒಯ್ದಿದ್ದಾರೆ ಎಂದರು. ರಿಕ್ಷಾ ಹಿಡಿದೆ. ದಾರಿಯುದ್ದಕ್ಕೂ ಎರಡು ಕೈಯಿಂದ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದೆ. ಆಸ್ಪತ್ರೆಯಲ್ಲಿ ಒಬ್ಬ ಪೊಲೀಸಿನವ ನನ್ನನ್ನು ಒಂದು ಉದ್ದ ಪಡಸಾಲೆಯ ಕೊನೆಗೆ ಕರೆದೊಯ್ದು, ಸ್ಟ್ರೆಚರಿನ ಮೇಲಿನ ಬಿಳಿ ಬಟ್ಟೆ ಸರಿಸಿದ.

ಅವರಲ್ಲ. ಬೇರೆ ಯಾರೋ. ನನ್ನ ಗಂಡನ ವಯಸ್ಸಿನವನೇ.

"ಆಪ್ಕಾ ಹೈ?" ನಿಮ್ಮವರಾ ಎಂದು ಪೊಲೀಸಿನವ ಕೇಳಿದ. ಅಲ್ಲ ಎಂದು ತಲೆಯಾಡಿಸಿದೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎಲ್ಲೋ ಒಬ್ಬಳು ಹೆಂಗಸು ಈ ಮನುಷ್ಯನಿಗಾಗಿ ಡಬ್ಬಿ ತೊಳೆದಿಟ್ಟು ಕಾಯುತ್ತಿರುತ್ತಾಳೆ ಎಂದು ಆಮೇಲೆ ಹೊಳೆಯಿತು. ಆ ಗಳಿಗೆಯಲ್ಲಿ ದೇವರಿಗೆ ಕೈ ಮುಗಿಯುವುದಷ್ಟೇ ನನ್ನಿಂದ ಆದದ್ದು.

ಚಾಲ್‌ಗೆ ಹಿಂತಿರುಗಿದಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಮಗಳು ಅವರ ಪಾದಕ್ಕೆ ಒದ್ದೆ ಬಟ್ಟೆ ಒತ್ತಿ ಹಿಡಿದಿದ್ದಳು. ಎರಡೂ ಪಾದ ಒಡೆದು ರಕ್ತ ಬಂದಿತ್ತು. ನನಗೆ ಒಮ್ಮೆಲೇ ಕೋಪ ಬಂತು. ಎಲ್ಲರೆದುರಿಗೇ ಅವರ ಭುಜ ಹಿಡಿದು ಅಲ್ಲಾಡಿಸಿದೆ.

"ಎಲ್ಲಿಗೆ ಹೋಗಿದ್ರಿ? ನಾನು ಎಲ್ಲಿಗೆ ಹೋಗಿ ಬಂದೆ ಗೊತ್ತಾ ನಿಮಗೆ?"

"ಪವಾಯಿಗೆ," ಎಂದರು.

"ಪವಾಯಿಗೆ ಯಾಕೆ? ಅಲ್ಲಿನ ಕೆರೆಗಾ?" ಎಂದೆ.

"ಕೆರಿಗಲ್ಲ." ನನ್ನ ಮುಖ ನೋಡಿದರು. ಎಷ್ಟೋ ದಿನದ ಮೇಲೆ ನೋಡಿದ್ದು. "ಆ ಕಾಲೇಜಿಗೆ ಹೋಗಿದ್ದೆ. ಇಂಜಿನಿಯರ್ ಸಾಹೇಬ ಅಲ್ಲೇ ಕಲತೇನಿ ಅಂದಿದ್ದ. ನನಗೂ ಕಲಸ್ರಿ ಅಂತ ಕೇಳಾಕ."

ನಾನು ಅವರ ಪಕ್ಕ ಕೂತೆ.

"ಗೇಟಿನ್ಯಾಗ ವಾಚಮನ್ ನಿಂದರ್ಸಿದ. ಯಾರನ್ನ ನೋಡಬೇಕು ಅಂದ. ಯಾರನ್ನಂತ ಹೇಳ್ಲಿ? ಕಂಪ್ಯೂಟರ್ ಲೇಥ್ ಕಲೀಬೇಕು, ಒಂದ ಸಲ ತಪ್ಪಿದ್ದೀನಿ, ಇನ್ನೊಂದ ಸಲ ತಪ್ಪಂಗಿಲ್ಲ ಅಂದೆ. ಪಾಪ, ನಗಲಿಲ್ಲ ಅಂವ. ಕುರ್ಚಿ ಕೊಟ್ಟ, ನೀರ ಕೊಟ್ಟ. 'ಚಾಚಾ, ಇದು ಹುಡುಗರ ಕಾಲೇಜು, ಪರೀಕ್ಷಾ ಪಾಸಾಗಿ ಬರಬೇಕು' ಅಂದ. ಅಂವ ಚಾಚಾ ಅಂದಾಗ ನನಗ ವಯಸ್ಸಾಗೈತಿ ಅಂತ ತಿಳೀತು ನೋಡು," ಎಂದರು.

ಅಷ್ಟು ಹೇಳಿ ಅವರು ಅತ್ತರು. ಬಾಯಿ ತೆರೆದು, ಮಗಳೆದುರಿಗೇ, ಚಾಲ್‌ನವರೆಲ್ಲ ಬಾಗಿಲಲ್ಲಿ ನಿಂತಿರುವಾಗಲೇ ಅತ್ತರು. ಅಜ್ಜಿ ಒಳಗಿನಿಂದ ಅರಿಶಿನ ತಂದು ಪಾದಕ್ಕೆ ಹಚ್ಚಿದಳು.

ಅತ್ತ ಮೇಲೆ ಅವರು ಗೋಡೆ ಬಿಟ್ಟರು. ಅಷ್ಟು ಮಾತ್ರ ಒಳ್ಳೆಯದಾಯಿತು. ಪಾದ ವಾಸಿಯಾದ ಮೇಲೆ ಸಾಕಿನಾಕಾ ಕಡೆ ಕೆಲಸ ಹುಡುಕಿದರು. ಅಲ್ಲಿ ಸಾಲು ಸಾಲು ಗಾಳಾಗಳು, ಅಂದರೆ ಒಂದೊಂದು ಖೋಲಿಯಷ್ಟೇ ಅಗಲದ ಸಣ್ಣ ಕಾರ್ಖಾನೆಗಳು. ಒಬ್ಬ ಸೇಠ್ ಅವರನ್ನು ಒಂದು ಹಳೆಯ ಲೇಥಿಗೆ ನಿಲ್ಲಿಸಿದ. ಮೊದಲಿನ ಸಂಬಳಕ್ಕೆ ಹೋಲಿಸುವಂತಿರಲಿಲ್ಲ. ರಜೆ ಇಲ್ಲ, ಕ್ಯಾಂಟೀನ್ ಇಲ್ಲ, ಫ್ಯಾನೂ ಇಲ್ಲ. ಆದರೂ ಹ್ಯಾಂಡಲ್ ಇರುವ ಮಷೀನು. ಕೆಲವು ವರ್ಷ ಹಾಗೇ ನಡೆಯಿತು. ತೊಂಬತ್ತರ ದಶಕ ಶುರುವಾದ ಮೇಲೆ ನಮ್ಮ ಕಾರ್ಖಾನೆ ಊರ ಹೊರಗೆ ಎಲ್ಲೋ ದೂರಕ್ಕೆ ಹೋಯಿತು. ಭಾಂಡುಪ್‌ನ ಜಾಗದಲ್ಲಿ ಬಿಲ್ಡಿಂಗ್ ಏಳುತ್ತದೆ ಎಂದರು. ಮಗಳ ಶಾಲೆ, ಅವರ ಕೆಲಸ ಬಿಟ್ಟು ನಾನು ಅಲ್ಲಿಗೆ ಹೋಗುವಂತಿರಲಿಲ್ಲ. ನನ್ನನ್ನೂ ಬಿಡಿಸಿದರು. ಫೋರ್ಟ್‌ನ ಒಂದು ಸಣ್ಣ ಆಫೀಸಿನಲ್ಲಿ ದಿನಗೂಲಿಯ ಲೆಕ್ಕದಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಕೆಲಸ ಇದ್ದ ದಿನ ಕರೆಯುತ್ತಿದ್ದರು, ಇಲ್ಲದ ದಿನ ಇಲ್ಲ.

ಒಂದು ದಿನ ಊಟಕ್ಕೆ ಕೂತಾಗ ಅವರು, "ಸೇಠ್ ಒಂದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಲೇಥ್ ತರಾಕತ್ತಾನ," ಎಂದರು.

ನನ್ನ ಕೈ ತಟ್ಟೆಯಲ್ಲೇ ನಿಂತಿತು. "ನೀವೇನಂದ್ರಿ?"

"ಏನಂತ ಅನ್ಲಿ? ನನ್ನನ್ನ ಇಟ್ಕೊಳ್ತಾನಂತ. ಮಾಲು ಹಾಕೂದು, ತಗಿಯೂದು, ಅಷ್ಟ." ಮತ್ತೆ ಅನ್ನ ಕಲಸಿದರು. "ಸಾರು ಹಾಕು."

ಮುಂದೊಂದು ದಿನ ಅವರು ಡಬ್ಬಿ ಮರೆತು ಹೋಗಿದ್ದರು. ನನಗೆ ಕೆಲಸವಿಲ್ಲದ ದಿನ. ಬಸ್ಸು ಹಿಡಿದು ಕೊಡಲು ಹೋದೆ. ಗಾಳಾದ ಶಟರ್ ಅರ್ಧ ತೆರೆದಿತ್ತು. ಹೊಸ ಮಷೀನು ನಡೆಯುತ್ತಿತ್ತು. ಅದರ ಮುಂದೆ ಯಾರೋ ಹೊಸಬ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದ. ನನ್ನ ಗಂಡ ಮಷೀನಿನಿಂದ ಒಂದು ಮಾರು ದೂರದಲ್ಲಿ ನಿಂತಿದ್ದರು. ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದು ಕೈಯನ್ನು, ಅದು ಗುಂಡಿಗಳ ಕಡೆ ಹೋದೀತೆಂಬಂತೆ, ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮಷೀನು ನಿಂತಿತು. ಆ ಹೊಸಬ ತಲೆಯಾಡಿಸಿದ. ಆಗ ಅವರು ಕೈ ಬಿಡಿಸಿ, ಬಾಗಿಲು ಸರಿಸಿ, ಮುಗಿದ ತುಂಡು ತೆಗೆದು, ಹೊಸ ತುಂಡು ಹಾಕಿ, ಬಾಗಿಲು ಹಾಕಿದರು. ಮತ್ತೆ ಹಿಂದೆ ಸರಿದು, ಮತ್ತೆ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

ಅವರು ನನ್ನನ್ನು ನೋಡಿರಲಿಲ್ಲ. ಶಟರ್ ಪಕ್ಕದಲ್ಲಿ ಚಹಾ ಕೊಡುತ್ತಿದ್ದವನ ಕೈಗೆ ಡಬ್ಬಿ ಕೊಟ್ಟು, ಒಳಗೆ ತಲುಪಿಸಿಬಿಡು ಎಂದು ಹೇಳಿ, ಬಸ್ ಸ್ಟಾಪಿನ ಕಡೆ ನಡೆದೆ.